ಒಂದೇ ದ್ವೀಪದೊಳಗೆ ಆಗುಂಬೆ, ಚಳ್ಳಕೆರೆ

[ದೃಶ್ಯ: ಮರಡಿಹಳ್ಳಿಯ ಬಂಡೆಗಳು, ತೀರಾ ಹತ್ತಿರದಿಂದ]

ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ನಿಂತಿದ್ದೇನೆ. ಒಂದಕ್ಕೊಂದು ಒತ್ತಿಕೊಂಡಿರುವ ಈ ಉಬ್ಬು ಬಂಡೆಗಳೇ ದಿಂಬು ಲಾವಾ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಟ್ಟನೆ ತಣಿದು ಹೀಗಾಯಿತು. ಕಳೆದ ವಿಡಿಯೋದಲ್ಲಿ ಇದನ್ನು ತೋರಿಸಿದಾಗ ಚಳ್ಳಕೆರೆಯ ವೀಕ್ಷಕರೊಬ್ಬರು ಕೇಳಿದರು: "ಇಂಥ ಲಾವಾ ಪೇರಿಕೊಂಡು ದ್ವೀಪವಾದರೆ ಅದರ ತುಂಬ ಒಂದೇ ಬಗೆಯ ಕಾಡು ಬೆಳೆಯುತ್ತದೆಯೇ ಸರ್?"

ಖಂಡಿತ ಇಲ್ಲ. ಹವಾಯಿಯನ್ನೇ ನೋಡಿ. ಮೂಲಪಾಠವನ್ನು ಬೇಗ ಮುಗಿಸುತ್ತೇನೆ: ಭೂಮಿಯೊಳಗೆ ಲಾವಾ ಉಕ್ಕಿಸುವ ಒಂದು ಬಿಸಿತಾಣ, ಅದರ ಮೇಲೆ ವಾಯವ್ಯಕ್ಕೆ ವರ್ಷಕ್ಕೆ 7ರಿಂದ 10 ಸೆಂಟಿಮೀಟರ್ ಸರಿಯುವ ಪೆಸಿಫಿಕ್ ಫಲಕ, ಅಂದರೆ ಸಾಗರದಡಿಯ ಭೂಚಿಪ್ಪಿನ ಭಾರಿ ತುಂಡು. ಒಂದು ದ್ವೀಪ ಸರಿದು ಹೋದಂತೆ ಅದೇ ತಾಣದ ಮೇಲೆ ಇನ್ನೊಂದು ಹುಟ್ಟುತ್ತದೆ, ಹಾಗಾಗಿ ದ್ವೀಪಗಳ ಸಾಲು. ವಾಯವ್ಯದ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ. ಆಗ್ನೇಯ ತುದಿಯ, ಹವಾಯಿ ಎಂದೇ ಹೆಸರಿರುವ ದೊಡ್ಡ ದ್ವೀಪಕ್ಕೆ 10 ಲಕ್ಷವೂ ತುಂಬಿಲ್ಲ.

[ಪರದೆಯ ಮೇಲೆ: ದೊಡ್ಡ ದ್ವೀಪದ ಮಳೆ ನಕ್ಷೆ]

ಈಗ ಗಾಳಿಯ ಕಾರುಬಾರು. ಈಶಾನ್ಯದ ಗಾಳಿ ಬೆಟ್ಟ ಏರುವಾಗ ಹೊತ್ತ ನೀರನ್ನೆಲ್ಲ ಪೂರ್ವ ಕರಾವಳಿಯ ಹಿಲೋ ಊರಿನ ಕಡೆಯೇ ಸುರಿದುಬಿಡುತ್ತದೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು. ಆಚೆ ಮಗ್ಗುಲಿನ ಕವಾಯಿಹಾಯೆ ಬಂದರಿಗೆ ಸಿಗುವುದು 250ರ ಆಸುಪಾಸು. ಬೆಟ್ಟದ ಮರೆಗೆ ಮಳೆ ತಪ್ಪುವ ಈ ಮಳೆನೆರಳು ಏನೆಂದು ಚಳ್ಳಕೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮೆಚ್ಚಿನ ಭಾಗ ಇನ್ನೂ ಮೇಲಿದೆ. ಇದೇ ದ್ವೀಪದ ಮೌನಾ ಕೇಯಾ ಬೆಟ್ಟ 4,207 ಮೀಟರ್ ಎತ್ತರ. ಮೋಡಗಳು ಸಾಮಾನ್ಯವಾಗಿ ಅದರ ಅರ್ಧಕ್ಕೇ ನಿಲ್ಲುತ್ತವೆ. ತುದಿಯಲ್ಲಿ ಜ್ವಾಲಾಮುಖಿ ಉಗುಳಿದ ಜಲ್ಲಿ, ಚಳಿಗಾಲದಲ್ಲಿ ಹಿಮ. ಗಿಡಗಳು ಇಲ್ಲವೆಂದೇ ಹೇಳಬೇಕು. ಅಲ್ಲಿ ವೆಕಿಯು ಎಂಬ ತಿಗಣೆ ಜಾತಿಯ ಕೀಟವಿದೆ. ಅರ್ಧ ಸೆಂಟಿಮೀಟರ್ ಉದ್ದ, ಹಾರಲು ಬಾರದು. ಇದರ ಬಳಗದವರು ಬೀಜದ ರಸ ಹೀರಿ ಬದುಕುವವರು. ಆ ತುದಿಯಲ್ಲಿ ಬೀಜಕ್ಕೆ ಎಲ್ಲಿಗೆ ಹೋಗಬೇಕು? ತಗ್ಗಿನ ನೊಣ, ಹುಳಗಳನ್ನು ಗಾಳಿ ಮೇಲಕ್ಕೆ ಹೊತ್ತೊಯ್ಯುತ್ತದೆ. ಅವು ಚಳಿಗೆ ಸೆಟೆದು ಹಿಮದ ಮೇಲೆ ಬೀಳುತ್ತವೆ. ವೆಕಿಯು ಕಲ್ಲಿನ ಸಂದಿಯಿಂದ ಹೊರಬಂದು, ಹಿಮದ ಅಂಚಿನಲ್ಲಿ ಓಡಾಡಿ, ಚೂಪು ಮೂತಿ ಚುಚ್ಚಿ ಅವುಗಳ ರಸ ಹೀರುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿ ಕರೆಂಟು ಕೊಟ್ಟರೆ, ಅಲ್ಲಿ ಊಟವನ್ನೇ ತಂದು ಬಡಿಸುತ್ತದೆ! ಹುಲಿ, ಸಿಂಹಗಳ ಹಿಂದೆ ಬಿದ್ದಿರುವ ಕ್ಯಾಮೆರಾದವರು ಇದನ್ನೇಕೆ ಬಿಟ್ಟರೋ.

ಕೀಟಕ್ಕೇ ಅರ್ಧ ಸಮಯ ಹೋಯಿತು, ಹೋಗಲಿ. ಉಳಿದದ್ದು ಒಂದೇ ಉಸಿರಿಗೆ: ಹೊಸ ಲಾವಾದ ಬಿರುಕಿನಲ್ಲಿ ಎಲ್ಲರಿಗಿಂತ ಮುಂಚೆ ಬೇರೂರುವ ಮರಗಳಲ್ಲಿ ಕೆಂಪು ಹೂವಿನ ಓಹಿಯಾ ಒಂದು, ಲಾವಾ ಸುತ್ತುವರಿದರೂ ನಡುವೆ ಉಳಿದುಕೊಂಡ ಹಳೆಯ ಕಾಡಿನ ತುಂಡು ಕಿಪುಕಾ, ಮಾವಿ ದ್ವೀಪದ ಹಲೇಅಕಲಾ ಬೆಟ್ಟದ ಬೆಳ್ಳಿಕತ್ತಿ ಗಿಡ ಹತ್ತಾರು ವರ್ಷ ಕಾದು, ಒಮ್ಮೆ ಹೂಬಿಟ್ಟು ಸಾಯುತ್ತದೆ. ಈ ಗಿಡಕ್ಕೇ ಬೇರೆ ವಿಡಿಯೋ ಬೇಕೆಂದರೆ ಕೆಳಗೆ ಬರೆಯಿರಿ. ಬೇಡವೆಂದರೂ ನಾನು ಮಾಡುವವನೇ.