ಬೇಲಿ ಹೂನ ಬೇಲಿಲೇ ಬಿಡ್ರಪ್ಪ!

ನಮಸ್ಕಾರ ಕಣ್ರಪ್ಪ. ಸಕಲೇಶಪುರದಲ್ಲಿ ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿಲ್ಲ, ಹಿಂದುಗಡೆ ತಗಡಿನ ಸದ್ದು ಕೇಳಿದ್ರೆ ಅಡ್ಜಸ್ಟ್ ಮಾಡ್ಕಳಿ. ಇವತ್ತು ಮೆಣಸಿನ ಬಳ್ಳಿ ಬಗ್ಗೆ ಮಾತಾಡ್ಬೇಕಿತ್ತು, ಆದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, ಓದಿದಾಗಿಂದ ತಲೆ ಕೆಟ್ಟೋಗಿದೆ. "ಮೇಡಂ, ಗೌರಿ ಹೂ ವಿಷ ಅಂತ ಸುಮ್ನೆ ಹೆದರಿಸ್ಬೇಡಿ, ನಮ್ಮಜ್ಜಿ ಕಾಲದಿಂದ ಬೇಲಿ ತುಂಬ ಇತ್ತು, ಯಾರೂ ಸತ್ತಿಲ್ಲ." ಮೇಲೆ ನಗೋ ಎಮೋಜಿ ಮೂರು.

ಸರಿ ಸ್ವಾಮಿ. ಬೇಲಿಲಿತ್ತು. ನೀವೇ ಹೇಳಿದ್ರಲ್ಲ, ಬೇಲಿಲಿ! ನಿಮ್ಮಜ್ಜಿ ಅದನ್ನ ಕುಂಡದಲ್ಲಿ ನೆಟ್ಟು ತೊಟ್ಟಿಲ ಪಕ್ಕ ಇಟ್ಟಿದ್ರಾ?

ಗೌರಿ ಹೂ ಗೊತ್ತಲ್ವಾ, ಅಗ್ನಿಶಿಖೆ ಅಂತಾರಲ್ಲ ಅದು. ಎಲೆ ತುದಿನೇ ಸುರುಳಿ ಸುತ್ಕೊಂಡು ಬಳ್ಳಿ ಹತ್ಕೊಂಡು ಹೋಗುತ್ತೆ, ಹೂ ಹಳದಿಯಾಗಿ ಬಿಟ್ಟು ಆಮೇಲೆ ಕೆಂಪಾಗುತ್ತೆ, ದಳ ಎಲ್ಲಾ ಬೆಂಕಿ ಎದ್ದಂಗೆ ಮೇಲಕ್ಕೆ. ಚಂದ ಇಲ್ಲ ಅಂತ ನಾನ್ ಹೇಳಿದ್ನಾ? ತಮಿಳುನಾಡಿನ ರಾಜ್ಯ ಹೂ ಅದು, ಹಬ್ಬಕ್ಕೆ ನಾವೂ ಕಿತ್ಕೊಂಡು ಬಂದು ಗೌರಿಗೆ ಇಡ್ತೀವಿ. ದೇವ್ರಿಗೆ ಇಡೋ ಹೂ ಅಂದ್ರೆ ಬಾಯಿಗೆ ಇಟ್ಕೊಳ್ಳೋ ಹೂ ಅಲ್ಲ ಅಷ್ಟೇ. ಗಿಡ ಪೂರ್ತಿ ಕಾಲ್ಚಿಸಿನ್ ಅನ್ನೋ ವಿಷ ಇದೆ, ಗಡ್ಡೆಲಂತೂ ಸಿಕ್ಕಾಪಟ್ಟೆ. ಗೌಟ್ ಅಂತ ಕೀಲು ಊದಿ ನೋಯೋ ಕಾಯಿಲೆ ಇರೋರಿಗೆ ಡಾಕ್ಟ್ರು ಇದೇ ಕಾಲ್ಚಿಸಿನ್ ಮಾತ್ರೆ ಕೊಡ್ತಾರೆ, ಒಂದು ಮಾತ್ರೆಲಿ ಎಷ್ಟು ಇರುತ್ತೆ ಗೊತ್ತಾ, 0.5 ಮಿಲಿಗ್ರಾಂ. ಅರ್ಧ! ಗಡ್ಡೆ ಕಡಿಯೋ ಮಗುಗೆ ಯಾವ ಡಾಕ್ಟ್ರು ಲೆಕ್ಕ ಹಾಕಿ ಕೊಡ್ತಾರೆ?

ಈಗ ನಾನ್ಯಾಕೆ ಇಷ್ಟು ಹಾರಾಡ್ತಿದೀನಿ ಅಂದ್ರೆ, ಹಾಸನದಲ್ಲಿ ನಮ್ಮಕ್ಕನ ಮನೆ ಇದೆ, ಅವಳು ಯಾವ್ದೋ ರೀಲ್ಸ್ ನೋಡಿ ನರ್ಸರಿಯಿಂದ ಇದನ್ನ ಕುಂಡದ ಸಮೇತ ತಂದು ಸಿಟೌಟಲ್ಲಿ ಇಟ್ಟಿದಾಳೆ, ಮಾರಿದೋನು ನೀರು ಎಷ್ಟು ಹಾಕ್ಬೇಕು ಅಂತ ಹೇಳಿದಾನೆ, ವಿಷ ಅಂತ ಒಂದ್ ಮಾತು ಹೇಳಿಲ್ಲ. ಬೇಸಿಗೆಲಿ ಬಳ್ಳಿ ಒಣಗೋಯ್ತು. ಇದರ ಗುಣನೇ ಅದು, ಮೇಲೆ ಸತ್ತಂಗೆ ಕಾಣುತ್ತೆ, ಗಡ್ಡೆ ಒಳಗೆ ಆರಾಮಾಗಿ ಮಲಗಿರುತ್ತೆ. ಗಿಡ ಹೋಯ್ತು ಅಂತ ಅಕ್ಕ ಮರ್ತೇಬಿಟ್ಳು. ನಾಯಿಮರಿ ಮರೀಲಿಲ್ಲ! ನಾನು ಒಳಗೆ ಕಾಫಿ ಸೋಸ್ತಾ ಇದೀನಿ, ಹೊರಗಿಂದ ಅಕ್ಕನ ಮಗಳು "ಚಿಕ್ಕೀ, ಚಿನ್ನುಗೆ ಗೆಣಸು ಸಿಕ್ತು!" ಅಂತ ಕೂಗಿದ್ಲು. ಓಡಿಬಂದು ನೋಡಿದ್ರೆ ಮೂತಿ ಎಲ್ಲಾ ಮಣ್ಣು, ಬಾಯಲ್ಲಿ ನೇಗಿಲ ಥರ ಕವಲೊಡೆದ ಗಡ್ಡೆ. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಅಂತ ಹೆಸರು ಬಂದಿರೋದೇ ನೇಗಿಲಿನಿಂದ. ಕಿತ್ಕೊಂಡೆ. ಹಲ್ಲಿನ ಗುರುತು ಎರಡು ಬಿದ್ದಿತ್ತು, ಅಷ್ಟೇ, ನಮ್ ಪುಣ್ಯ. ಮಗಳ ಕೈಲಿ ಇನ್ನೊಂದು ತುಂಡು ಇತ್ತು, ಇನ್ನೇನು ತೊಳ್ಕೊಂಡು ತಿನ್ನೋಳೇ.

ಬೇಲಿಲಿ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ?

ಇನ್ನೊಬ್ರು "ಆಯುರ್ವೇದದಲ್ಲಿ ಔಷಧಿ ಅಲ್ವಾ" ಅಂತಾರೆ. ಅಯ್ಯೋ ಪಂಡಿತ್ರೇ, ಆಯುರ್ವೇದದವ್ರೇ ಇದನ್ನ ಉಪವಿಷದ ಪಟ್ಟಿಗೆ ಸೇರ್ಸಿದಾರೆ, ಗೋಮೂತ್ರದಲ್ಲಿ ನೆನೆಸಿ ಶೋಧನೆ, ಅಂದ್ರೆ ವಿಷ ಇಳಿಸೋ ಶುದ್ಧಿ, ಮಾಡ್ದೆ ಮುಟ್ಟಲ್ಲ. ನಿಮ್ ನಾಯಿ ಶೋಧನೆ ಮಾಡಿ ತಿನ್ನುತ್ತಾ?

ತಿಂದ್ರೆ ತಕ್ಷಣ ಏನೂ ಕಾಣ್ದೆ ಇರ್ಬೋದು, ಮೋಸ ಇರೋದೇ ಅಲ್ಲಿ. ಕೆಲವು ಗಂಟೆ ಆದ್ಮೇಲೆ ವಾಂತಿ ಭೇದಿ ಶುರು, ಹೋಟ್ಲು ಊಟ ಹೆಚ್ಚುಕಮ್ಮಿ ಆಯ್ತು ಅನ್ಕೋತೀರ, ಅಷ್ಟರಲ್ಲಿ ವಿಷ ಒಳಗೆ ಜೀವಕೋಶ ಒಡೆದು ಎರಡಾಗೋದನ್ನೇ ನಿಲ್ಸಿರುತ್ತೆ, ರಕ್ತ ಹುಟ್ಟೋ ಮಜ್ಜೆಗೂ ಏಟು. ಬದುಕುಳಿದೋರಿಗೆ ಒಂದೆರಡು ವಾರಕ್ಕೆ ತಲೆಕೂದ್ಲು ಉದುರುತ್ತೆ. ಜೀವನೂ ಹೋಗುತ್ತೆ. ಅದಕ್ಕೇ, ಯಾರಾದ್ರೂ ಬಾಯಿಗೆ ಹಾಕಿದ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡ್ಸಕ್ಕೆ ಹೋಗ್ಬೇಡಿ, ಗಿಡದ ತುಂಡು ಕವರಿಗೆ ಹಾಕ್ಕೊಂಡು 108ಕ್ಕೆ ಫೋನ್ ಮಾಡಿ ಸೀದಾ ಆಸ್ಪತ್ರೆಗೆ, ನಾಯಿ ಆದ್ರೆ ದನದ ಡಾಕ್ಟ್ರ ಹತ್ರ.

"ಹಂಗಾದ್ರೆ ಕಣಗಿಲೆನೂ ಕೀಳ್ಬೇಕಾ?" ಅಂತ ಬರುತ್ತೆ ಕಾಮೆಂಟು, ಗೊತ್ತು ನನಗೆ. ಅದೂ ವಿಷನೇ, ಅದರದ್ದು ಬೇರೆ ವಿಡಿಯೋ ಮಾಡ್ತೀನಿ, ಸಬ್‌ಸ್ಕ್ರೈಬ್ ಮಾಡ್ಕಳಿ. ನಾನು ಯಾವ್ದನ್ನೂ ಕೀಳಿ ಅಂತಿಲ್ಲ ಮಾರಾಯ್ರೇ, ಬೇಲಿಲಿ ಬಿಡಿ ಅಂತಿದೀನಿ. ಬೇಲಿಲಿ! ಸಿಟೌಟಲ್ಲಿ ಬೇಡ, ಬಾಲ್ಕನಿಲಿ ಬೇಡ, ನಾಯಿ ತಟ್ಟೆ ಪಕ್ಕ ಬೇಡ. ಹೂ ಬೇಕಾ, ದಾಸವಾಳ ಇಟ್ಕಳಿ, ಅದಕ್ಕೇನು ಬಂದಿದೆ ರೋಗ? ಅಕ್ಕ ಈ ವಿಡಿಯೋ ನೋಡಿ ಬೈತಾಳೆ, ಬೈಯ್ಲಿ.

ಹಾಂ, ಮರ್ತಿದ್ದೆ, ನಮ್ ತೋಟದ ಕಾಳುಮೆಣಸು ಕಾಲು ಕೆಜಿ ಪ್ಯಾಕೆಟ್ ಬಂದಿದೆ, ಲಿಂಕ್ ಕೆಳಗಡೆ ಇದೆ. ಮೂರು ಎಮೋಜಿ ಹಾಕಿದ ಸ್ವಾಮಿಗಳೇ, ನಿಮಗೂ ಪೋಸ್ಟೇಜ್ ಫ್ರೀ. ಬೈಯೋದಿದ್ರೆ ಲೈಕ್ ಒತ್ತಿಬಿಟ್ಟು ಬೈಯಿ.