ಬಿಳಿ ದಿಬ್ಬದ ಪಕ್ಕದ ಮನೆ

ಕೇಳುಗರಿಗೆಲ್ಲ ನಮಸ್ಕಾರ.

ಕೆಜಿಎಫ್‌ಗೆ ಕ್ಯಾಮೆರಾ ಹಿಡಿದು ಹೋದವರು ಮೊದಲು ಓಡುವುದು ಸೈನೈಡ್ ದಿಬ್ಬಗಳ ಕಡೆಗೆ, ಅಂದರೆ ಗಣಿಯ ಕಲ್ಲಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳ ಕಡೆಗೆ. ನಾನೂ ಹಾಗೇ ಓಡಿದೆ. ಸಂಜೆ ಬಿಸಿಲಿಗೆ ಅವು ತುಂಬಾ ಚೆಂದ ಕಾಣುತ್ತವೆ. ಮಳೆನೀರು ಕೊರೆದ ಕೊರಕಲುಗಳಲ್ಲಿ ಉದ್ದುದ್ದ ನೆರಳು, ಹಿಂದೆ ಗಣಿ ಬಾವಿಯ ಮೇಲಿನ ತುಕ್ಕು ಹಿಡಿದ ಶಾಫ್ಟ್ ಚಕ್ರ. ಫೋಟೊ ನೋಡಿದವರೆಲ್ಲ 'ಪಾಳು ಬಿದ್ದ ಊರು' ಅಂದರು.

ಪಾಳು ಬಿದ್ದಿರುವುದು ಗಣಿ, ಊರಲ್ಲ. ಬೆಳಗಿನ ಜಾವ ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗಿ ನೋಡಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ರೈಲಿನ ತುಂಬಾ ಇರುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಈ ರೈಲೇ ಎಷ್ಟೋ ಮನೆಗಳ ಅನ್ನ.

ಆ ದಿಬ್ಬದಲ್ಲಿರುವುದು ಸುಮ್ನೆ ಮಣ್ಣಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ. ಅಷ್ಟು ಕೆಳಗಿಂದ ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆಯುತ್ತಿದ್ದರು. ಟನ್ ಕಲ್ಲಿಗೆ ಕೆಲವು ಗ್ರಾಂ ಚಿನ್ನ, ಅಷ್ಟೇ. ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಸುರಿದರು. ಈಗ ಅದು 3 ಕೋಟಿ ಟನ್ನಿಗೂ ಹೆಚ್ಚು. ಸೈನೈಡಿನ ಬಹುಪಾಲು ಬಿಸಿಲಿಗೆ ಹಾಳಾಗಿ ಹೋಗುತ್ತದೆ. ಆದರೆ ಅರೆದ ಕಲ್ಲಿನಲ್ಲಿರುವ ಸಿಲಿಕಾ ಎಲ್ಲಿಗೂ ಹೋಗುವುದಿಲ್ಲ. ಶ್ವಾಸಕೋಶದೊಳಗೆ ಇಳಿಯುವಷ್ಟು ಸಣ್ಣ ಪುಡಿ ಅದು.

ಹಳೇ ಗಣಿ ಲೈನಿನ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ, ಒಂದು ಮನೆ ಮುಂದೆ ಅಜ್ಜಿಯೊಬ್ಬರು ಕೂತಿದ್ದರು. ನನ್ನ ಕ್ಯಾಮೆರಾ ನೋಡಿ, ತಮಿಳು ಬೆರೆತ ಕನ್ನಡದಲ್ಲಿ, "ಈಗ ಏನು ಸಿಗುತ್ತೆ ತಂಬಿ? ಆಡಿ ಗಾಳಿಗೆ ಬಾ" ಅಂದರು. ಆಡಿ ಗಾಳಿ ಅಂದರೆ ನಮ್ಮ ಆಷಾಢದ ಗಾಳಿಯೇ.

ಹೋದೆ. ದಿಬ್ಬದ ನೆತ್ತಿಯಿಂದ ಬಿಳಿ ಹೊಗೆಯಂತೆ ಧೂಳು ಎದ್ದು ಬೀದಿಗೆ ಇಳಿಯುತ್ತಿತ್ತು. ಲೆನ್ಸ್ ಒರೆಸಿದಷ್ಟೂ ಮಸುಕು. ಅಜ್ಜಿ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿ, ಅದರ ಸಂದಿಗೆ ಒದ್ದೆ ಸೀರೆ ತುಂಡು ತುರುಕಿದರು. ನೀರಿನ ಬಿಂದಿಗೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಬಟ್ಟೆ. ಬೆಳಿಗ್ಗೆಯೇ ಒರೆಸಿದ್ದ ಕಿಟಕಿ ಕಟ್ಟೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, "ಇದನ್ನ ತೆಗಿ" ಅಂದರು.

ಅವತ್ತು ನಾನು ತೆಗೆದದ್ದು ಅದೊಂದೇ ಫೋಟೊ. ಬಿಳಿ ಧೂಳು, ನಡುವೆ ಬೆರಳಗಲದ ಕಪ್ಪು ಕಲ್ಲು.