ಹಳೆ ಕಾರಿಗೆ ಇನ್ನೊಂದು ಫ್ಯೂಸ್ ಬಾಕ್ಸ್

ಎಲ್ಲರಿಗೂ ನಮಸ್ಕಾರ. ಮೋರಿಸ್ ಮೈನರ್ ಇಟ್ಟುಕೊಂಡವರು ಬಂದಿದ್ದೀರಿ, ಅಂಬಾಸಿಡರ್‌ನವರು ಬಂದಿದ್ದೀರಿ, ಹಿಂದಿನ ಸಾಲಿನಲ್ಲಿ ಪದ್ಮಿನಿಯವರೂ ಕಾಣಿಸುತ್ತಿದ್ದಾರೆ. ಇವತ್ತು ನಾನು ಹೆಚ್ಚಾಗಿ ಮೈನರ್ ಹಿಡಿದುಕೊಂಡೇ ಮಾತಾಡುತ್ತೇನೆ. ಅಂಬಾಸಿಡರ್ ಹುಟ್ಟಿದ್ದು ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಹಾಗಾಗಿ ಹಳೆಯ ಅಂಬಾಸಿಡರ್‌ಗಳಿಗೂ ಬಹುಪಾಲು ಇದೇ ಮಾತು ಹೊಂದುತ್ತದೆ.

ಮೈನರ್‌ನ ಬಾನೆಟ್ ಎತ್ತಿದರೆ ಒಂದು ಪುಟ್ಟ ಫ್ಯೂಸ್ ಬಾಕ್ಸ್ ಸಿಗುತ್ತದೆ. ಅದರಲ್ಲಿ ಕೆಲಸ ಮಾಡುವ ಫ್ಯೂಸ್ ಎರಡೇ. ಎ1-ಎ2 ಅಂತ ಗುರುತಿರುವ ಟರ್ಮಿನಲ್‌ಗಳ ನಡುವಿನದು ಕೀ ತಿರುಗಿಸದಿದ್ದರೂ ಕರೆಂಟ್ ಇರಬೇಕಾದ ಹಾರ್ನಿನಂಥವಕ್ಕೆ. ಎ3-ಎ4 ನಡುವಿನದು ವೈಪರ್, ಬ್ರೇಕ್ ಲೈಟ್, ಇಂಡಿಕೇಟರ್, ಪೆಟ್ರೋಲ್ ಗೇಜಿಗೆ. ಹಾಗಾದರೆ ಹೆಡ್‌ಲೈಟಿಗೆ? ಫ್ಯೂಸೇ ಇಲ್ಲ! ಕಂದು ವೈರಿನ ಕರೆಂಟು ಸ್ವಿಚ್ ದಾಟಿ, ಹೈ ಬೀಮ್-ಡಿಪ್ ಬದಲಿಸುವ ಕಾಲಡಿಯ ಡಿಪ್ಪರ್ ದಾಟಿ, ಸೀದಾ ಬಲ್ಬಿಗೆ ಹೋಗುತ್ತದೆ. ಒಂದು ಫ್ಯೂಸ್ ಹೋಗಿ ರಾತ್ರಿ ಎರಡೂ ಲೈಟ್ ಒಟ್ಟಿಗೆ ಆರುವುದಕ್ಕಿಂತ ಇದು ವಾಸಿ ಅನ್ನುವ ಲೆಕ್ಕ ಆಗಿನದು.

ಆ ಕಾಲಕ್ಕೆ ಅಷ್ಟು ಸಾಕಾಗಿತ್ತು. ಆಮೇಲೆ ನಾವು ಹ್ಯಾಲೊಜನ್ ಬಲ್ಬು, ಮ್ಯೂಸಿಕ್ ಸಿಸ್ಟಮ್, ಫ್ಯಾನು, ಮೊಬೈಲ್ ಚಾರ್ಜರ್ ಅಂತ ಒಂದೊಂದೇ ಸೇರಿಸಿದೆವು. ಕೈಗೆ ಸುಲಭವಾಗಿ ಸಿಗುತ್ತದೆ ಅಂತ ಎಲ್ಲವನ್ನೂ ಎ4ಕ್ಕೇ ಸಿಕ್ಕಿಸಿದೆವು. ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹೊರಡುವವರೂ ಇದ್ದಾರೆ, ಅಲ್ವಾ? ನಗಬೇಡಿ. ಗಾಡಿಗೆ ಬೆಂಕಿ ಬೀಳುವುದು ಹೀಗೇ. ಫ್ಯೂಸ್ ಇರುವುದು ಮುಖ್ಯವಾಗಿ ವೈರನ್ನು ಕಾಯಲು. ವೈರು ತಾಳುವ ಮಟ್ಟ ಮೀರುವ ಮೊದಲೇ ಫ್ಯೂಸ್ ಹೋಗಬೇಕು.

ಇಲ್ಲೇ ಒಂದು ದೊಡ್ಡ ಎಡವಟ್ಟು ನಡೆಯುತ್ತದೆ. ಹಳೆಯ ಲ್ಯೂಕಸ್ ಕಂಪನಿಯ ಗಾಜಿನ ಫ್ಯೂಸ್ ಮೇಲೆ 35 ಅಂತ ಇರುತ್ತದೆ. ಅದು ಫ್ಯೂಸ್ ಕರಗುವ ಆಂಪಿಯರ್. ಸತತವಾಗಿ ಅದು ಹೊರುವುದು 17 ಆಂಪಿಯರ್ ಮಾತ್ರ. ಈಗಿನ, ಎರಡು ಚಪ್ಪಟೆ ಕಾಲಿನ ಬ್ಲೇಡ್ ಫ್ಯೂಸಿನ ಮೇಲಿರುವ ಸಂಖ್ಯೆಯ ಲೆಕ್ಕವೇ ಬೇರೆ, ಅದು ಹೊರುವ ಆಂಪಿಯರ್. 35 ತೆಗೆದು 35ರದ್ದೇ ಬ್ಲೇಡ್ ಹಾಕಿದರೆ ಫ್ಯೂಸ್ ಗಟ್ಟಿಯಾಗಿ ಕೂತಿರುತ್ತದೆ, ವೈರು ಬೇಯುತ್ತದೆ. ಅಲ್ಲಿಗೆ 15ರ ನೀಲಿ ಬ್ಲೇಡ್ ಸಾಕು.

ಈಗ ಹೊಸ ಬಾಕ್ಸ್. ಹಳೆಯದನ್ನು ಮುಟ್ಟಬೇಡಿ, ಅದು ಅದರ ಪಾಡಿಗಿರಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಆರೋ ಎಂಟೋ ಬ್ಲೇಡ್ ಹಿಡಿಯುವ, ಮುಚ್ಚಳ ಇರುವ ಬಾಕ್ಸ್ ಕೇಳಿ. ಮೊದಲು ಬ್ಯಾಟರಿಯ ಅರ್ಥ್ ಟರ್ಮಿನಲ್, ಅಂದರೆ ಗಾಡಿಯ ಬಾಡಿಗೆ ಸೇರಿದ ತುದಿ, ಬಿಚ್ಚಿ. ಸ್ಟಾರ್ಟರ್ ಸೊಲೆನಾಯ್ಡ್, ಅಂದರೆ ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್, ಅದರಲ್ಲಿ ಬ್ಯಾಟರಿ ಕೇಬಲ್ ಬಂದು ಕೂರುವ ಬೋಲ್ಟಿನಿಂದ 6 ಚದರ ಮಿ.ಮೀ. ವೈರು ಎಳೆಯಿರಿ. ಹೊರಟ ಕಡೆಯೇ, ಒಂದು ಗೇಣಿನೊಳಗೆ, 30 ಆಂಪಿಯರ್‌ನ ಮೇನ್ ಫ್ಯೂಸ್ ಇರಲಿ. ಲೋಹದ ತೂತಿನಲ್ಲಿ ವೈರು ಹಾಯುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಹಾಕಿ. ಬಾಕ್ಸನ್ನು ನೀರು ಬೀಳದ, ಬ್ಯಾಟರಿ ಆಸಿಡ್ ತಾಗದ ಜಾಗದಲ್ಲಿ, ಇರುವ ಸ್ಕ್ರೂಗೇ ಒಂದು ಪಟ್ಟಿ ಕೊಟ್ಟು ಕೂರಿಸಿ. ಹೊಸ ತೂತು ಕೊರೆಯುವುದು ನನಗಂತೂ ಇಷ್ಟವಿಲ್ಲ.

ಹೆಡ್‌ಲೈಟಿಗೆ ರಿಲೇ ಬೇಕೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್. ಡಿಪ್‌ಗೆ ಒಂದು, ಹೈ ಬೀಮ್‌ಗೆ ಒಂದು. ಬಲ್ಬಿಗೆ ಹೋಗುತ್ತಿದ್ದ ಹಳೆಯ ನೀಲಿ-ಕೆಂಪು, ನೀಲಿ-ಬಿಳಿ ವೈರುಗಳು ಇನ್ನು ರಿಲೇಯ 86 ನಂಬರಿನ ಪಿನ್ನಿಗೆ ಬರಲಿ. 85 ಅರ್ಥ್. 30ಕ್ಕೆ ಮೇನ್ ಫ್ಯೂಸ್ ದಾಟಿ ಬಂದ ಕರೆಂಟು. 87ರಿಂದ ಹೊಸ ಬಾಕ್ಸಿಗೆ ಹೋಗಿ, ಅಲ್ಲಿ ಎಡ ಬಲ್ಬಿಗೊಂದು ಫ್ಯೂಸ್, ಬಲ ಬಲ್ಬಿಗೊಂದು ಫ್ಯೂಸ್. ಎರಡಕ್ಕೂ ಸೇರಿಸಿ ಒಂದೇ ಹಾಕಬೇಡಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಒಂದು ಕಣ್ಣಾದರೂ ಉಳಿಯಬೇಕು. 55 ವಾಟಿನ ಡಿಪ್ ಎಳೆಯುವುದು ಸುಮಾರು 4.6 ಆಂಪಿಯರ್. 1.5 ಚದರ ಮಿ.ಮೀ. ವೈರು, 7.5ರ ಫ್ಯೂಸ್ ಧಾರಾಳವಾಯಿತು.

ಇದರಿಂದ ಬೆಳಕೂ ಜಾಸ್ತಿಯಾಗುತ್ತದೆ. ನಂಬಿಕೆ ಇಲ್ಲದಿದ್ದರೆ ಇವತ್ತೇ ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಲೈವ್ ಟರ್ಮಿನಲ್‌ಗೆ, ಇನ್ನೊಂದು ಬಲ್ಬಿನ ಲೈವ್ ಪಿನ್ನಿಗೆ ಇಡಿ. ಕಾಣುವ ವೋಲ್ಟು ದಾರಿಯಲ್ಲಿ ಸೋರಿದ್ದು. ಅರ್ಧ ವೋಲ್ಟ್ ದಾಟಿದರೆ ವೈರಿಂಗ್ ಸುಸ್ತಾಗಿದೆ ಅಂತ. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10 ಇಳಿದರೆ ಬೆಳಕು ಹೆಚ್ಚುಕಡಿಮೆ 30 ಇಳಿಯುತ್ತದೆ. ಅರ್ಥ್ ಕಡೆಯೂ ಹೀಗೇ ಅಳೆಯಿರಿ. ಎಷ್ಟೋ ಸಲ ಕಳ್ಳ ಅಲ್ಲೇ ಕೂತಿರುತ್ತಾನೆ, ತುಕ್ಕಿನ ಕೆಳಗೆ.

ಪದ್ಮಿನಿಯವರೇ, ನಿಮ್ಮದರಲ್ಲಿ ಎರಡೂ ತುದಿ ಚೂಪಾದ ಫ್ಯೂಸು, ಬಿಳಿ 8 ಆಂಪಿಯರ್, ಕೆಂಪು 16. ಅವನ್ನು ಹಿಡಿಯುವ ಹಿತ್ತಾಳೆ ನಾಲಿಗೆಗಳಿಗೆ ಕಿಲುಬು ಹಿಡಿಯುತ್ತದೆ. ಆರಿದ ಲೈಟು ಫ್ಯೂಸನ್ನು ಬೆರಳಲ್ಲಿ ತಿರುಗಿಸಿದ ಕೂಡಲೇ ಬಂತು ಅಂದರೆ ಕಾರಣ ಇದೇ. ಮೊದಲು ಅದನ್ನು ಉಜ್ಜಿ ಬಿಗಿ ಮಾಡಿ. ಹೊಸ ಬಾಕ್ಸ್ ಬೇಕೋ ಬೇಡವೋ ಆಮೇಲೆ ನೋಡೋಣ.

ಇನ್ನು ಪಾಸಿಟಿವ್ ಅರ್ಥ್ ಗಾಡಿಗಳು, ಅಂದರೆ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಸೇರಿಸಿದವು. ಫ್ಯೂಸಿಗೂ ಸಾದಾ ರಿಲೇಗೂ ಪ್ಲಸ್ ಮೈನಸ್ಸಿನ ಹಂಗಿಲ್ಲ. ಒಳಗೆ ಡಯೋಡ್ ಇರುವ ರಿಲೇಗೆ ಇದೆ. ಮೊಬೈಲ್ ಚಾರ್ಜರಿಗಂತೂ ಇದ್ದೇ ಇದೆ. ಸುಮ್ನೆ ಸಿಕ್ಕಿಸಿದರೆ ಚಾರ್ಜರ್ ಹೋಯಿತು.

ಕೊನೆಗೆ ಗಾಡಿಗೆ ಕರೆಂಟ್ ಹುಟ್ಟಿಸುವ ಡೈನಮೋ. ಲ್ಯೂಕಸ್ ಸಿ40 ಪೂರ್ತಿ ಓಡಿದಾಗ ಕೊಡುವುದು 22 ಆಂಪಿಯರ್. ಹೈ ಬೀಮ್ 10, ಇಗ್ನಿಷನ್ ಕಾಯಿಲ್ 3-4, ಹಿಂದಿನ ಲೈಟು ಮತ್ತು ವೈಪರ್ ಸೇರಿ ಇನ್ನೊಂದು 4-5. ಉಳಿದದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಸಿಗ್ನಲ್ಲಿನಲ್ಲಿ ನಿಂತಾಗ ಅದೂ ಇಲ್ಲ, ಎಲ್ಲ ಬ್ಯಾಟರಿಯದೇ. ಬಾಕ್ಸಿನಲ್ಲಿ ಎಂಟು ಜಾಗ ಇದೆ ಅಂತ ಎಂಟನ್ನೂ ತುಂಬಬೇಡಿ. 100 ವಾಟಿನ ಬಲ್ಬು ಬೇಕೇ ಬೇಕು ಅನ್ನುವವರು ಮೊದಲು ಗಾಡಿಯನ್ನು ನೆಗೆಟಿವ್ ಅರ್ಥ್ ಮಾಡಿಸಿ, ಡೈನಮೋ ಬದಲು ಆಲ್ಟರ್ನೇಟರ್ ಹಾಕಿಸಿ. ಈಗ ಪ್ರಶ್ನೆ ಕೇಳಿ. ಗಾಡಿ ತಂದವರಿದ್ದರೆ ಮೀಟರ್ ನನ್ನ ಹತ್ತಿರ ಇದೆ, ಹೊರಗೆ ಹೋಗಿ ಅಳೆದೇ ನೋಡೋಣ.